'ಡೇಟಾ ಎರರ್' ಅಂದರೆ ಯಾವ ಎರರ್? ಕಂಪ್ರೆಶನ್ ಎಕ್ಸ್‌ಟೆನ್ಶನ್‌ನ ಮೆಸೇಜ್‌ಗಳನ್ನು ಸರಿಮಾಡುವ ದಾರಿ

ಪಿಎಚ್‌ಪಿಯಲ್ಲಿ ಕಂಪ್ರೆಸ್ ಆಗಿ ಕೆಟ್ಟುಹೋದ ಡೇಟಾ ಬಿಚ್ಚಲು ಹೋದರೆ ಬರುವ ವಾರ್ನಿಂಗ್ "ಡೇಟಾ ಎರರ್". ಮುಗೀತು. ಪೈಥಾನ್ ಇದಕ್ಕಿಂತ ವಾಸಿ, "ಎರರ್ -3, ಇನ್‌ಕರೆಕ್ಟ್ ಹೆಡರ್ ಚೆಕ್" ಅಂತಾದರೂ ಹೇಳುತ್ತದೆ. ಆದರೆ ಅದನ್ನು ಓದಿದವರಿಗೂ ಮುಂದೇನು ಮಾಡಬೇಕು ಅಂತ ತಿಳಿಯುವುದಿಲ್ಲ. ಫೈಲ್ ಹಾಳಾಗಿದೆಯಾ, ಅರ್ಧ ಡೌನ್‌ಲೋಡ್ ಆಗಿದೆಯಾ, ಅಥವಾ ಫೈಲ್ ಚೆನ್ನಾಗೇ ಇದ್ದು ತಪ್ಪು ಫಂಕ್ಷನ್ ಕರೆದಿದ್ದಾರಾ? ಮೂರಕ್ಕೂ ಮದ್ದು ಬೇರೆ, ಪಿಎಚ್‌ಪಿಯಲ್ಲಂತೂ ಮೆಸೇಜ್ ಒಂದೇ.

ಡೇಟಾ ಕುಗ್ಗಿಸುವ, ಬಿಚ್ಚುವ ಝೆಡ್‌ಲಿಬ್ ಅಥವಾ ಝೆಡ್‌ಸ್ಟ್ಯಾಂಡರ್ಡ್ ಲೈಬ್ರರಿಯನ್ನು ಯಾವುದೋ ಒಂದು ಭಾಷೆಗೆ ಜೋಡಿಸುವ ಸಿ ಎಕ್ಸ್‌ಟೆನ್ಶನ್ ನೀವು ನೋಡಿಕೊಳ್ಳುತ್ತಿದ್ದರೆ ಈ ಬರಹ ನಿಮಗೆ. ತಪ್ಪಾದಾಗ ಬೇಕಾದ ಮಾಹಿತಿ ಹೆಚ್ಚಿನಂಶ ಆ ಕ್ಷಣಕ್ಕೆ ನಿಮ್ಮ ಕೋಡ್‌ನ ಕೈಯಲ್ಲೇ ಇರುತ್ತದೆ. ಅದನ್ನು ಬಳಕೆದಾರರವರೆಗೆ ತಲುಪಿಸುವುದಿಲ್ಲ, ಸಮಸ್ಯೆ ಅಷ್ಟೇ. ಹೊಸ ಅಲ್ಗಾರಿದಮ್ ಏನೂ ಬರೆಯಬೇಕಿಲ್ಲ.

ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಬೈಟುಗಳನ್ನು ಇಲ್ಲಿ ದಶಮಾಂಶ ಅಂಕಿಗಳಲ್ಲಿ ಬರೆದಿದ್ದೇನೆ, ನಿಮ್ಮ ಮೆಸೇಜ್‌ನಲ್ಲಿ ಹೆಕ್ಸ್‌ನಲ್ಲೇ ತೋರಿಸಿ. ಸುಧಾರಿಸಿದ ಮೆಸೇಜ್‌ಗಳನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ, ನಿಮ್ಮ ಪ್ರಾಜೆಕ್ಟ್ ಯಾವ ಭಾಷೆಯಲ್ಲಿದೆಯೋ ಅದರಲ್ಲಿ ಬರೆದುಕೊಳ್ಳಿ.

ಹಂತ 1: ಎರರ್ ಹೊರಬರುವ ಬಾಗಿಲುಗಳನ್ನೆಲ್ಲ ಪಟ್ಟಿ ಮಾಡಿ

ಸೋರ್ಸ್ ಕೋಡ್‌ನಲ್ಲಿ ಎಕ್ಸೆಪ್ಶನ್ ಎಸೆಯುವ, ವಾರ್ನಿಂಗ್ ಕೊಡುವ, ಸುಮ್ನೆ ಫಾಲ್ಸ್ ಹಿಂತಿರುಗಿಸುವ ಜಾಗಗಳನ್ನೆಲ್ಲ ಹುಡುಕಿ. ಮೂರನೆಯದನ್ನು ಮರೆಯಬೇಡಿ, ಏನೂ ಹೇಳದೆ ಹೊರಬರುವ ಜಾಗಗಳೇ ಜಾಸ್ತಿ ತೊಂದರೆ ಕೊಡುವುದು. ಒಂದು ಶೀಟ್‌ನಲ್ಲಿ ಮೂರು ಕಾಲಂ ಮಾಡಿ: ಯಾವ ಎರರ್ ಕೋಡ್ ಬರುತ್ತದೆ, ಈಗ ಏನು ಹೇಳುತ್ತಿದ್ದೇವೆ, ಇದನ್ನು ನೋಡಿದವರು ಏನು ಮಾಡಬೇಕು.

ಕೆಲಸ ಇರುವುದು ಮೂರನೇ ಕಾಲಂನಲ್ಲಿ. ಎರಡು ಸಾಲುಗಳಲ್ಲಿ ಮೆಸೇಜ್ ಒಂದೇ ಇದ್ದು ಮಾಡಬೇಕಾದ್ದು ಬೇರೆ ಬೇರೆ ಇದ್ದರೆ, ಅಲ್ಲಿ ಮೆಸೇಜ್ ಒಡೆಯಬೇಕು. ಮಾಡಬೇಕಾದ್ದು ಒಂದೇ ಆಗಿದ್ದರೆ ಎರಡು ಮೆಸೇಜ್ ಬೇಕಿಲ್ಲ. ಝೆಡ್‌ಲಿಬ್ ಒಳಗೆ ಕೋಷ್ಟಕದ ಉದ್ದ ತಪ್ಪು, ದೂರದ ಲೆಕ್ಕ ತಪ್ಪು ಅಂತೆಲ್ಲ ಹತ್ತಾರು ಬಗೆಯ ದೂರುಗಳಿವೆ. ಬಳಕೆದಾರರ ಮಟ್ಟಿಗೆ ಅವೆಲ್ಲ ಒಂದೇ: ಡೇಟಾ ನಡುವೆ ಎಲ್ಲೋ ಕೆಟ್ಟಿದೆ, ಇನ್ನೊಂದು ಪ್ರತಿ ತನ್ನಿ.

ಹಂತ 2: ಲೈಬ್ರರಿ ಹೇಳಿದ್ದನ್ನು ಕಸಕ್ಕೆ ಹಾಕಬೇಡಿ

ಝೆಡ್‌ಲಿಬ್‌ನಲ್ಲಿ ಎರರ್ ಎರಡು ಕಡೆಯಿಂದ ಬರುತ್ತದೆ. ಒಂದು ಫಂಕ್ಷನ್ ಹಿಂತಿರುಗಿಸುವ ಅಂಕಿ: -2 ಅಂದರೆ ಸ್ಟ್ರೀಮ್ ಎರರ್, -3 ಡೇಟಾ ಎರರ್, -4 ಮೆಮೊರಿ, -5 ಬಫರ್, -6 ವರ್ಶನ್. ಇನ್ನೊಂದು ಸ್ಟ್ರೀಮ್ ಸ್ಟ್ರಕ್ಚರ್ ಒಳಗಿರುವ ಎಂಎಸ್‌ಜಿ ಅನ್ನುವ ಫೀಲ್ಡ್. ಅಂಕಿಯನ್ನಷ್ಟೇ ಹಿಡಿದು ಅದಕ್ಕೆ ಸಿದ್ಧ ಹೆಸರು ಹುಡುಕಿದರೆ ಸಿಗುವುದು ಆ ಬರೀ "ಡೇಟಾ ಎರರ್". ಎಂಎಸ್‌ಜಿ ಓದಿದರೆ ಹೆಡರ್ (ಡೇಟಾದ ಶುರುವಿನ ಗುರುತು) ತಪ್ಪಿದೆಯೋ, ಬ್ಲಾಕ್ ಮಾದರಿ ತಪ್ಪಿದೆಯೋ, ಕೊನೆಯ ಚೆಕ್‌ಸಮ್ (ಡೇಟಾ ಬದಲಾಗಿಲ್ಲ ಅಂತ ಖಾತ್ರಿ ಮಾಡುವ ಅಂಕಿ) ತಾಳೆಯಾಗುತ್ತಿಲ್ಲವೋ ಅಂತ ಗೊತ್ತಾಗುತ್ತದೆ.

ಓದುವುದನ್ನು ಸ್ಟ್ರೀಮ್ ಮುಚ್ಚುವ ಮೊದಲೇ ಮಾಡಿ. ಆ ಫೀಲ್ಡ್ ಖಾಲಿ ಇರುವ ಸಂದರ್ಭಗಳೂ ಇವೆ, ಆಗ ಅಂಕಿಯ ಮೇಲೆ ನೀವೇ ಒಂದು ಒಳ್ಳೆಯ ವಾಕ್ಯ ಕೊಡಬೇಕು. ಪೈಥಾನ್‌ನ ಝೆಡ್‌ಲಿಬ್ ಮಾಡ್ಯೂಲ್ ಮಾಡುವುದು ಇದನ್ನೇ: -5 ಬಂದು ಎಂಎಸ್‌ಜಿ ಖಾಲಿ ಇದ್ದರೆ "ಅಪೂರ್ಣ ಅಥವಾ ತುಂಡಾದ ಸ್ಟ್ರೀಮ್" ಅನ್ನುವ ಅರ್ಥದ ಸಾಲು ಹಾಕುತ್ತದೆ. ಅದರಲ್ಲೇ ಇನ್ನೊಂದು ಜಾಣತನವಿದೆ. ವರ್ಶನ್ ಎರರ್ ಬಂದಿದ್ದರೆ ಎಂಎಸ್‌ಜಿಯನ್ನು ಮುಟ್ಟುವುದೇ ಇಲ್ಲ, ಯಾಕೆಂದರೆ ಆಗ ಅದರಲ್ಲಿ ಸರಿಯಾದ ಬೆಲೆ ಕೂತಿರುತ್ತದೆ ಅನ್ನುವ ಖಾತ್ರಿಯಿಲ್ಲ. ನೀವೂ ವರ್ಶನ್ ಎರರ್ ಅನ್ನು ಮೊದಲು ನೋಡಿ, ಮೆಸೇಜ್‌ನಲ್ಲಿ ಎರಡೂ ವರ್ಶನ್ ಹಾಕಿ: ಕಂಪೈಲ್ ಮಾಡುವಾಗ ಇದ್ದದ್ದು, ಈಗ ಓಡುತ್ತಿರುವುದು.

ಹಂತ 3: ಹೆಡರ್ ತಪ್ಪಿದ್ದರೆ, ಬಂದಿದ್ದು ಏನು ಅಂತ ಹೇಳಿ

ಹೆಚ್ಚು ಪ್ರಯೋಜನ ಸಿಗುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಡಿಫ್ಲೇಟ್ ಅನ್ನುವ ಕ್ರಮದಲ್ಲಿ ಕುಗ್ಗಿಸಿದ ಒಂದೇ ಡೇಟಾ ಮೂರು ರೂಪದಲ್ಲಿ ಬರುತ್ತದೆ. ಬರೀ ಡಿಫ್ಲೇಟ್, ಝೆಡ್‌ಲಿಬ್ ಹೊದಿಕೆ, ಜಿಝಿಪ್ ಹೊದಿಕೆ. ಮೂರರ ವಿವರಣೆಯೂ 1996ರಲ್ಲಿ ಬಂದ ಆರ್‌ಎಫ್‌ಸಿ (ಇಂಟರ್ನೆಟ್ ತಾಂತ್ರಿಕ ವಿವರಣೆಯ ದಾಖಲೆ) 1950, 1951, 1952ರಲ್ಲಿ ಇದೆ: 1950 ಝೆಡ್‌ಲಿಬ್, 1951 ಡಿಫ್ಲೇಟ್, 1952 ಜಿಝಿಪ್. ಬಳಕೆದಾರರು ಇವನ್ನು ಕಲಸುಮೇಲೋಗರ ಮಾಡಿಕೊಳ್ಳುವುದು ಸಹಜ. ಎಚ್‌ಟಿಟಿಪಿಯಲ್ಲಿ 'ಡಿಫ್ಲೇಟ್' ಅನ್ನುವ ಹೆಸರಿಗೆ ನಿಜವಾದ ಅರ್ಥ ಝೆಡ್‌ಲಿಬ್ ಹೊದಿಕೆ. ಕೆಲವು ಸರ್ವರ್‌ಗಳು ಹೊದಿಕೆಯಿಲ್ಲದ ಬರೀ ಡಿಫ್ಲೇಟ್ ಕಳಿಸಿ ಗೊಂದಲ ಇನ್ನೂ ಜಾಸ್ತಿ ಮಾಡಿದವು.

ಈಗ ಒಂದು ಉದಾಹರಣೆಯನ್ನು ಬಿಡಿಸಿ ನೋಡಿ. ಬಳಕೆದಾರರು ಝೆಡ್‌ಲಿಬ್ ಫಂಕ್ಷನ್‌ಗೆ ಒಂದು ಜಿಝಿಪ್ ಫೈಲ್ ಕೊಟ್ಟರು. ಝೆಡ್‌ಲಿಬ್ ಮೊದಲ ಎರಡು ಬೈಟುಗಳನ್ನು ತೆಗೆದುಕೊಂಡು, ಮೊದಲನೆಯದನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿ, ಬಂದದ್ದು 31ರಿಂದ ಶೇಷವಿಲ್ಲದೆ ಭಾಗವಾಗುತ್ತದಾ ಅಂತ ನೋಡುತ್ತದೆ. ಸಾಮಾನ್ಯ ಝೆಡ್‌ಲಿಬ್ ಡೇಟಾ 120, 156 ಅಂತ ಶುರುವಾಗುತ್ತದೆ. ಲೆಕ್ಕ 30876, ಅದು 31ರ 996 ಪಟ್ಟು, ಸರಿಹೋಯಿತು. ಜಿಝಿಪ್ ಶುರುವಾಗುವುದು 31, 139 ಅಂತ. ಲೆಕ್ಕ 8075, ಶೇಷ 15. ತಕ್ಷಣ "ಇನ್‌ಕರೆಕ್ಟ್ ಹೆಡರ್ ಚೆಕ್". ಫೈಲ್‌ಗೆ ಏನೂ ಆಗಿಲ್ಲ, ಆದರೆ ಮೆಸೇಜ್ ಓದಿದವರು ಫೈಲ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ಡೌನ್‌ಲೋಡ್ ಮಾಡುತ್ತಾ ಕೂರುತ್ತಾರೆ.

ಇದಕ್ಕೆ ಮದ್ದು ಒಂದು ಸಣ್ಣ ಫಂಕ್ಷನ್. ಹೆಡರ್ ಎರರ್ ಬಂದಾಗ ಮಾತ್ರ ಓಡಲಿ, ಸರಿಯಾಗಿ ನಡೆಯುವ ದಾರಿಯಲ್ಲಿ ಅದಕ್ಕೆ ಕೆಲಸವಿಲ್ಲ. ಮೊದಲ ಆರು ಬೈಟುಗಳನ್ನು ನೋಡಿ ಅದು ಯಾವ ಜಾತಿ ಅಂತ ಊಹಿಸಬೇಕು:

- 31, 139: ಜಿಝಿಪ್
- 120 ಆದಮೇಲೆ 1, 94, 156 ಅಥವಾ 218: ಝೆಡ್‌ಲಿಬ್
- 40, 181, 47, 253: ಝೆಡ್‌ಸ್ಟ್ಯಾಂಡರ್ಡ್
- 66, 90, 104: ಬಿಝಿಪ್2
- 253, 55, 122, 88, 90, 0: ಎಕ್ಸ್‌ಝೆಡ್
- 4, 34, 77, 24: ಎಲ್‌ಝೆಡ್4 ಫ್ರೇಮ್
- 80, 75, 3, 4: ಝಿಪ್ ಫೈಲ್

ಈ ಪಟ್ಟಿ ಎಲ್ಲರೂ ಬರೆಯುತ್ತಾರೆ. ಬಹಳ ಜನ ಬಿಟ್ಟುಬಿಡುವುದು ಕಂಪ್ರೆಸ್ ಆಗಿಯೇ ಇಲ್ಲದ, ಅಥವಾ ದಾರಿಯಲ್ಲಿ ಯಾರೋ ಕೈಯಾಡಿಸಿದ ಡೇಟಾವನ್ನು. ಮೊದಲ ಬೈಟ್ 60 ಅಥವಾ 123 ಇದ್ದರೆ ಅದು ಎಚ್‌ಟಿಎಂಎಲ್ ಅಥವಾ ಜೇಸನ್ ಇರಬಹುದು. ಸರ್ವರ್ ಫೈಲ್ ಬದಲು ಎರರ್ ಪುಟ ಕಳಿಸಿರುತ್ತದೆ, ಇಲ್ಲವೇ ಎಚ್‌ಟಿಟಿಪಿ ಲೈಬ್ರರಿ ಮೊದಲೇ ಬಿಚ್ಚಿಕೊಟ್ಟಿದ್ದನ್ನು ಇವರು ಇನ್ನೊಮ್ಮೆ ಬಿಚ್ಚಲು ಹೊರಟಿರುತ್ತಾರೆ. 72, 52, 115, 73 ಅಂತ ಬಂದರೆ ಅದು ಬೇಸ್64 ಆದ ಜಿಝಿಪ್, ಮೊದಲು ಬೇಸ್64 ಬಿಡಿಸಬೇಕು.

ನನಗೆ ಅತಿ ಇಷ್ಟವಾದ ಕೇಸ್ ಇನ್ನೊಂದಿದೆ. 31 ಆದಮೇಲೆ 139ರ ಬದಲು 239, 191, 189 ಬಂದರೆ, ಯಾರೋ ಬೈಟುಗಳನ್ನು ಯುಟಿಎಫ್-8 ಪಠ್ಯ ಅಂತ ಓದಿದ್ದಾರೆ ಅಂತರ್ಥ. 139 ಅಲ್ಲಿ ಸಲ್ಲದ ಬೈಟ್, ಅದರ ಜಾಗಕ್ಕೆ ಪ್ರಶ್ನೆಚಿಹ್ನೆಯ ವಜ್ರದ ಅಕ್ಷರ ಬಂದು ಕೂತಿದೆ. ಮೂಲ ಬೈಟ್ ಹೋಯಿತು, ಈ ಪ್ರತಿಯಿಂದ ಏನೂ ವಾಪಸ್ ಬರುವುದಿಲ್ಲ. ಅದೇ 31, 194, 139 ಅಂತ ಬಂದರೆ ಲ್ಯಾಟಿನ್-1 ಅಂದುಕೊಂಡು ಯುಟಿಎಫ್-8ಗೆ ಬದಲಾಯಿಸಿದ್ದಾರೆ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಒಂದರಲ್ಲಿ ಡೇಟಾ ಸತ್ತಿದೆ, ಇನ್ನೊಂದರಲ್ಲಿ ಬದುಕಿದೆ. ಎರಡಕ್ಕೂ "ಡೇಟಾ ಎರರ್" ಅಂದರೆ ಅನ್ಯಾಯ ಅಲ್ವಾ?

ಹಾಗಾಗಿ ಮೆಸೇಜ್ ಹೀಗಿರಲಿ: "ಝೆಡ್‌ಲಿಬ್ ಹೆಡರ್ ಬೇಕಿತ್ತು, ಸಿಕ್ಕ ಮೊದಲ ಬೈಟುಗಳು 31 139 8 0. ಇದು ಜಿಝಿಪ್ ಡೇಟಾದಂತೆ ಕಾಣುತ್ತದೆ, ಜಿಝಿಪ್ ಬಿಚ್ಚುವ ಫಂಕ್ಷನ್ ಬಳಸಿ ನೋಡಿ." 'ಕಾಣುತ್ತದೆ' ಅನ್ನುವುದನ್ನು ತೆಗೆಯಬೇಡಿ. ಊಹೆಯನ್ನು ಊಹೆಯ ಧಾಟಿಯಲ್ಲೇ ಹೇಳಬೇಕು. ಬರೀ ಡಿಫ್ಲೇಟ್‌ಗೆ ಯಾವ ಗುರುತೂ ಇಲ್ಲ, ಅದನ್ನು ಬೈಟ್ ನೋಡಿ ಹಿಡಿಯಲು ಆಗುವುದಿಲ್ಲ. ಯಾವುದೂ ತಾಳೆಯಾಗದಿದ್ದರೆ ಊಹೆ ಬಿಟ್ಟು, ಬೈಟುಗಳನ್ನಷ್ಟೇ ತೋರಿಸಿ.

ಝೆಡ್‌ಲಿಬ್‌ನ ವಿಂಡೋ ಬಿಟ್ಸ್ ಅನ್ನುವ ಆಯ್ಕೆಗೆ 15ರ ಜೊತೆ 32 ಕೂಡಿಸಿ 47 ಕೊಟ್ಟರೆ ಜಿಝಿಪ್, ಝೆಡ್‌ಲಿಬ್ ಎರಡನ್ನೂ ತಾನೇ ಗುರುತಿಸಿಕೊಳ್ಳುತ್ತದೆ, ಮೆಸೇಜ್ ಯಾಕೆ ಬೇಕು ಅಂತ ನೀವು ಕೇಳಬಹುದು. ಹೊಸ ಫಂಕ್ಷನ್ ಬರೆಯುವಾಗ ಹಾಗೆ ಮಾಡಿ. ಇರುವ ಫಂಕ್ಷನ್ ಇಂಥದ್ದನ್ನೇ ತಿನ್ನುತ್ತೇನೆ ಅಂತ ಹೆಸರಿನಲ್ಲೇ ಹೇಳಿಕೊಂಡಿದ್ದರೆ ಅದರ ನಡವಳಿಕೆ ಬದಲಿಸುವುದಕ್ಕಿಂತ ಮೆಸೇಜ್ ಬದಲಿಸುವುದು ಕ್ಷೇಮ.

ಹಂತ 4: ತುಂಡಾದದ್ದನ್ನು, ಜಾಗ ಸಾಲದ್ದನ್ನು ಬೇರೆ ಮಾಡಿ

-5 ಅನ್ನುವ ಬಫರ್ ಎರರ್ ನಿಜವಾಗಿ ಎರರ್ ಅಲ್ಲ. ಮುಂದೆ ಹೋಗಲು ಆಗುತ್ತಿಲ್ಲ ಅಂತ ಲೈಬ್ರರಿ ಹೇಳುತ್ತಿದೆ, ಅಷ್ಟೇ. ಒಳಬರುವ ಡೇಟಾ ಮುಗಿದಿರಬಹುದು, ಅಥವಾ ಹೊರಹೋಗುವ ಬಫರ್ ತುಂಬಿರಬಹುದು. ಮೊದಲನೆಯದಾದರೆ ಫೈಲ್ ಅರ್ಧ ಇದೆ. ಎರಡನೆಯದಾದರೆ ಫೈಲ್ ಸರಿಯಾಗಿದೆ, ಬಫರ್ ದೊಡ್ಡದು ಮಾಡಬೇಕಾದ್ದು ನೀವು. ಅವೈಲ್-ಇನ್ (ಓದಲು ಉಳಿದ ಬೈಟ್), ಅವೈಲ್-ಔಟ್ (ಬರೆಯಲು ಉಳಿದ ಜಾಗ) ಫೀಲ್ಡ್‌ಗಳಲ್ಲಿ ಯಾವುದು ಸೊನ್ನೆ ಅಂತ ನೋಡಿ. ಹೊರಗಿನ ಬಫರ್‌ನಲ್ಲಿ ಇನ್ನೂ ಜಾಗ ಇದ್ದು ಒಳಗಿನದು ಖಾಲಿ ಆಗಿದ್ದರೆ ತುಂಡಾಗಿದೆ.

ಸ್ಟ್ರೀಮ್ ಆಗಿ ಓದುವಾಗ ಇನ್ನೂ ಮೋಸ. ಡೇಟಾ ನಡುವೆ ನಿಂತುಹೋದರೂ ಝೆಡ್‌ಲಿಬ್ ಕೊನೆಯ ಕರೆಗೆ 0, ಅಂದರೆ ಎಲ್ಲ ಸರಿ, ಅಂತ ಕೊಟ್ಟಿರಬಹುದು. ಸ್ಟ್ರೀಮ್ ನಿಜವಾಗಿ ಮುಗಿದಿದ್ದರೆ ಬರುವುದು 1. ಅದು ಬಂತೇ ಅಂತ ಮುಚ್ಚುವಾಗ ನೀವೇ ನೋಡದಿದ್ದರೆ ಅರ್ಧ ಫೈಲ್ ಪೂರ್ತಿ ಫೈಲ್‌ನ ವೇಷದಲ್ಲಿ ಹೊರಟುಹೋಗುತ್ತದೆ, ಯಾವ ಮೆಸೇಜೂ ಇಲ್ಲದೆ. ಝೆಡ್‌ಸ್ಟ್ಯಾಂಡರ್ಡ್‌ನ ಸ್ಟ್ರೀಮ್ ಫಂಕ್ಷನ್‌ನಲ್ಲಿ ಇದು ತಲೆಕೆಳಗು: ಫ್ರೇಮ್ (ಕಂಪ್ರೆಸ್ ಆದ ಒಂದು ಪೂರ್ತಿ ತುಣುಕು) ಮುಗಿದರೆ 0, ಇನ್ನೂ ಬೇಕಿದ್ದರೆ 0ಗಿಂತ ದೊಡ್ಡ ಅಂಕಿ. ಎರಡೂ ಲೈಬ್ರರಿಯನ್ನು ಒಂದೇ ಎಕ್ಸ್‌ಟೆನ್ಶನ್‌ನಲ್ಲಿ ಇಟ್ಟುಕೊಂಡವರು ಇಲ್ಲಿ ಎಚ್ಚರವಾಗಿರಿ.

ಖಾಲಿ ಇನ್‌ಪುಟ್‌ಗೆ ಪ್ರತ್ಯೇಕ ಮೆಸೇಜ್ ಕೊಡಿ. "ಡೇಟಾ ಖಾಲಿ ಇದೆ, 0 ಬೈಟ್" ಅಂದರೆ ಜನ ನೇರ ತಮ್ಮ ಫೈಲ್ ಓದುವ ಕೋಡ್ ಕಡೆಗೆ ಹೋಗುತ್ತಾರೆ.

ಹಂತ 5: 'ಮೆಮೊರಿ ಸಾಲದು' ಅಂತ ಸುಳ್ಳು ಹೇಳಬೇಡಿ

ಮೆಮೊರಿ ಎರರ್‌ಗಳಲ್ಲಿ ನಿಜವಾಗಿ ಮೆಮೊರಿ ಮುಗಿದದ್ದು ಅಪರೂಪ. ಪಿಎಚ್‌ಪಿಯಲ್ಲಿ ಬಿಚ್ಚುವಾಗ ಗರಿಷ್ಠ ಉದ್ದ ಅಂತ ಒಂದು ಮಿತಿ ಕೊಡಬಹುದು. ಅದನ್ನು ಮೀರಿದರೆ ಬರುವ ವಾರ್ನಿಂಗ್ "ಇನ್‌ಸಫಿಶಿಯಂಟ್ ಮೆಮೊರಿ". ಮಿತಿ ಇಟ್ಟಿದ್ದು ಬಳಕೆದಾರರೇ, ಆದರೆ ಮೆಸೇಜ್ ಓದಿದವರು ಸರ್ವರ್‌ಗೆ ಇನ್ನಷ್ಟು ರ‍್ಯಾಮ್ ಹಾಕಿಸಲು ಓಡುತ್ತಾರೆ. "ಬಿಚ್ಚಿದ ಡೇಟಾ ನೀವು ಕೊಟ್ಟ ಮಿತಿ 1048576 ಬೈಟ್ ದಾಟಿತು" ಅಂದರೆ ಮಾತು ಮುಗಿಯಿತು. ಮಿತಿ ತೆಗೆದುಹಾಕುವುದು ಮಾತ್ರ ಬೇಡ. ಡಿಫ್ಲೇಟ್‌ನ ಒಂದು ಬೈಟ್ ಸುಮಾರು 1032 ಬೈಟ್‌ಗಳವರೆಗೆ ಉಬ್ಬಬಲ್ಲದು, ಬೇಕೆಂದೇ ಹಾಗೆ ಮಾಡಿದ ಫೈಲ್‌ಗಳೂ ಬರುತ್ತವೆ.

ಝೆಡ್‌ಸ್ಟ್ಯಾಂಡರ್ಡ್‌ನಲ್ಲಿ ಈ ಸುಳ್ಳು ಬೇರೆ ದಾರಿಯಿಂದ ಬರುತ್ತದೆ. ಅದರ ಫಂಕ್ಷನ್‌ಗಳು ಎರರ್ ಕೋಡ್ ಅನ್ನೂ ಗಾತ್ರದ ರೂಪದಲ್ಲೇ ಹಿಂತಿರುಗಿಸುತ್ತವೆ, ಋಣ ಅಂಕಿಯನ್ನು ಸೈನ್ ಇಲ್ಲದ ಅಂಕಿಯಾಗಿ ತಿರುಗಿಸಿ. ಡೇಟಾ ಕೆಟ್ಟಿದೆ ಅನ್ನುವ ಕೋಡ್ 20. 64 ಬಿಟ್ ಯಂತ್ರದಲ್ಲಿ ಅದು 18446744073709551596 ಆಗಿ ಕಾಣುತ್ತದೆ. ಎರರ್ ಹೌದೋ ಅಲ್ಲವೋ ಅಂತ ನೋಡುವ ಇಸ್-ಎರರ್ ಫಂಕ್ಷನ್ ಕರೆಯುವುದು ಮರೆತರೆ, ಇದನ್ನೇ ಗಾತ್ರ ಅಂದುಕೊಂಡು ಅಷ್ಟು ಮೆಮೊರಿ ಕೇಳುತ್ತೀರಿ. ಸಿಗುವುದಿಲ್ಲ. "ಮೆಮೊರಿ ಸಾಲದು."

ಫ್ರೇಮ್‌ನ ಗಾತ್ರ ಕೇಳುವ ಫಂಕ್ಷನ್‌ನಲ್ಲೂ ಇದೇ ಗುಂಡಿ. ಸ್ಟ್ರೀಮ್ ಆಗಿ ಕಂಪ್ರೆಸ್ ಮಾಡಿದ ಫ್ರೇಮ್‌ನಲ್ಲಿ ಮೂಲ ಗಾತ್ರ ಬರೆದಿರದೆ ಇರಬಹುದು, ಆಗ ಬರುವುದು 18446744073709551615, ಅಂದರೆ 'ಗೊತ್ತಿಲ್ಲ'. ಅದಕ್ಕಿಂತ ಒಂದು ಕಡಿಮೆ ಬಂದರೆ 'ಇದು ಸರಿಯಾದ ಫ್ರೇಮ್ ಅಲ್ಲ'. 'ಗೊತ್ತಿಲ್ಲ' ಬಂದರೆ ಮೆಸೇಜೇ ಬೇಕಿಲ್ಲ, ಬಫರ್ ಬೆಳೆಸುತ್ತಾ ಸ್ಟ್ರೀಮ್ ಆಗಿ ಬಿಚ್ಚಿ. ಅದು ಆಗದಿದ್ದರೆ "ಫ್ರೇಮ್‌ನಲ್ಲಿ ಮೂಲ ಗಾತ್ರ ಇಲ್ಲ, ಸ್ಟ್ರೀಮ್ ಫಂಕ್ಷನ್ ಬಳಸಿ" ಅಂತ ಹೇಳಿ.

ವಿಂಡೋ, ಅಂದರೆ ಬಿಚ್ಚುವಾಗ ನೆನಪಿಟ್ಟುಕೊಳ್ಳಬೇಕಾದ ಹಿಂದಿನ ಡೇಟಾದ ಅಳತೆ, ದೊಡ್ಡದಿರುವ ಫ್ರೇಮ್‌ದು ಇನ್ನೊಂದು ಕಥೆ. ಸ್ಟ್ರೀಮ್ ಆಗಿ ಬಿಚ್ಚುವಾಗ ಝೆಡ್‌ಸ್ಟ್ಯಾಂಡರ್ಡ್ ತಾನಾಗಿ ಒಪ್ಪುವ ವಿಂಡೋ 27 ಬಿಟ್, ಅಂದರೆ 128 ಎಂಬಿವರೆಗೆ. ಕಂಪ್ರೆಸ್ ಮಾಡಿದವರು ಲಾಂಗ್ ಆಯ್ಕೆಯಲ್ಲಿ ಅದಕ್ಕಿಂತ ದೊಡ್ಡದು ಇಟ್ಟಿದ್ದರೆ, ಬಿಚ್ಚಲು ತುಂಬಾ ಮೆಮೊರಿ ಬೇಕು ಅಂತ ಲೈಬ್ರರಿ ನಿರಾಕರಿಸುತ್ತದೆ. ನಿಮ್ಮ ಎಕ್ಸ್‌ಟೆನ್ಶನ್‌ನಲ್ಲಿ ಆ ಮಿತಿ ಏರಿಸುವ ಆಯ್ಕೆ ಇದ್ದರೆ ಅದರ ಹೆಸರನ್ನು ಮೆಸೇಜ್‌ನಲ್ಲೇ ಬರೆಯಿರಿ. ಇಲ್ಲದಿದ್ದರೆ, ಮೊದಲು ಆಯ್ಕೆ ಕೊಡಿ.

ಹಂತ 6: ಎಲ್ಲಿ ಅಂತ ಹೇಳಿ, ಆದರೆ ಹೆಚ್ಚು ನಂಬಿಸಬೇಡಿ

ಇಲ್ಲಿಯವರೆಗೆ ಓದಿದ ಬೈಟುಗಳನ್ನು ಎಣಿಸುವ ಟೋಟಲ್-ಇನ್ ಫೀಲ್ಡ್ ನೋಡಿ "ಇನ್‌ಪುಟ್‌ನ 73211ನೇ ಬೈಟ್ ಹತ್ತಿರ" ಅಂತ ಸೇರಿಸಿದರೆ ಬಹಳ ಉಪಯೋಗ. ಎರರ್ ಬಂದ ಜಾಗ ಫೈಲ್‌ನ ಕೊನೆಗೆ ಅಂಟಿಕೊಂಡಿದ್ದರೆ ಡೌನ್‌ಲೋಡ್ ಮೇಲೆ ಅನುಮಾನ, ನಡುವೆ ಇದ್ದರೆ ಡಿಸ್ಕ್ ಅಥವಾ ಕಾಪಿ ಮಾಡಿದ ಕೋಡ್ ಮೇಲೆ. 'ಹತ್ತಿರ' ಅಂತ ಬರೆಯುವುದಕ್ಕೆ ಕಾರಣವಿದೆ. ಡಿಫ್ಲೇಟ್ ಓದುವುದು ಬಿಟ್‌ಗಳನ್ನು, ಬೈಟ್‌ಗಳನ್ನಲ್ಲ. ಕೆಟ್ಟ ಬಿಟ್ ದಾಟಿದ ಮೇಲೂ ಅರ್ಥವಾದಂತೆ ನಟಿಸುತ್ತಾ ಬಹಳ ದೂರ ಹೋಗಬಲ್ಲದು. ಚೆಕ್‌ಸಮ್ ತಾಳೆಯಾಗಲಿಲ್ಲ ಅಂದಾಗಲಂತೂ ಜಾಗ ಹೇಳಲೇಬೇಡಿ. ಅದು ಗೊತ್ತಾಗುವುದು ಕೊನೆಯಲ್ಲಿ, ಕೆಟ್ಟದ್ದು ಎಲ್ಲಿ ಬೇಕಾದರೂ ಇರಬಹುದು. ಅಲ್ಲಿ ಹೇಳಬೇಕಾದ ಮಾತು ಬೇರೆ: "ಡೇಟಾ ಪೂರ್ತಿ ಬಿಚ್ಚಿತು, ಆದರೆ ಚೆಕ್‌ಸಮ್ ಹೊಂದುತ್ತಿಲ್ಲ, ಬಂದ ಫಲಿತಾಂಶವನ್ನು ನಂಬಬೇಡಿ."

ವಿಂಡೋಸ್‌ನಲ್ಲಿ ಒಂದು ತೊಡಕಿದೆ: ಟೋಟಲ್-ಇನ್ ಅಲ್ಲಿ 32 ಬಿಟ್, 4 ಜಿಬಿ ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ನೀವೇ 64 ಬಿಟ್ ಎಣಿಕೆ ಇಟ್ಟುಕೊಳ್ಳಿ. ಜಿಝಿಪ್ ಫೈಲ್‌ನ ಕೊನೆಯಲ್ಲಿರುವ ಮೂಲ ಗಾತ್ರವೂ ಬರೀ 4 ಬೈಟ್, ಅದನ್ನು ನಂಬಿಕೊಂಡು ದೊಡ್ಡ ಫೈಲ್‌ಗೆ "ಗಾತ್ರ ತಪ್ಪಿದೆ" ಅಂತ ದೂರಬೇಡಿ.

ಹಂತ 7: ಆರ್ಗ್ಯುಮೆಂಟ್‌ಗಳನ್ನು ನೀವೇ ತಪಾಸಣೆ ಮಾಡಿ

ಇದು ಸುಲಭ. ಕಂಪ್ರೆಶನ್ ಲೆವೆಲ್ 12 ಕೊಟ್ಟರೆ ಝೆಡ್‌ಲಿಬ್ -2 ಕೊಡುತ್ತದೆ, ಆ "ಸ್ಟ್ರೀಮ್ ಎರರ್" ಯಾರಿಗೂ ಅರ್ಥವಾಗುವುದಿಲ್ಲ. ಲೈಬ್ರರಿಗೆ ಕಳಿಸುವ ಮುಂಚೆಯೇ ಹಿಡಿದು "ಲೆವೆಲ್ -1ರಿಂದ 9ರೊಳಗೆ ಇರಬೇಕು, ಕೊಟ್ಟಿದ್ದು 12" ಅನ್ನಿ. ಕೊಟ್ಟ ಬೆಲೆಯನ್ನು ಹಾಕಲೇಬೇಕು, ಅರ್ಧಕ್ಕರ್ಧ ಸಲ ಬಳಕೆದಾರರಿಗೆ ತಾವು ಏನು ಕಳಿಸಿದೆವು ಅನ್ನುವುದೇ ಗೊತ್ತಿರುವುದಿಲ್ಲ. ಝೆಡ್‌ಸ್ಟ್ಯಾಂಡರ್ಡ್ ಇನ್ನೊಂದು ಥರ: 22ಕ್ಕಿಂತ ದೊಡ್ಡ ಲೆವೆಲ್ ಕೊಟ್ಟರೆ ಸದ್ದಿಲ್ಲದೆ 22ಕ್ಕೆ ಇಳಿಸಿಕೊಳ್ಳುತ್ತದೆ. ಅದರ ಮಿತಿಗಳನ್ನು ಕೋಡ್‌ನಲ್ಲಿ ಬರೆದಿಡದೆ ಲೈಬ್ರರಿಯನ್ನೇ ಕೇಳಿ, ಅದಕ್ಕೆ ಫಂಕ್ಷನ್ ಇದೆ.

ಹಂತ 8: ಮೆಸೇಜ್‌ಗೆ ಏನು ಹಾಕಬಾರದು

ಬಳಕೆದಾರರ ಡೇಟಾವನ್ನು ಸುರಿಯಬೇಡಿ. ಮೊದಲ ನಾಲ್ಕೈದು ಬೈಟ್ ಸಾಕು, ಅದೂ ಹೆಕ್ಸ್‌ನಲ್ಲಿ. ಹಸಿ ಬೈಟುಗಳನ್ನು ಹಾಗೇ ಲಾಗ್‌ಗೆ ಬರೆದರೆ ಟರ್ಮಿನಲ್‌ನ ನಿಯಂತ್ರಣ ಸಂಕೇತಗಳೂ ಜೊತೆಗೆ ಹೋಗುತ್ತವೆ, ನಡುವೆ ಸೊನ್ನೆ ಬೈಟ್ ಬಂದರೆ ಸಿ ಸ್ಟ್ರಿಂಗ್ ಅಲ್ಲಿಗೇ ಕತ್ತರಿಸಿಹೋಗುತ್ತದೆ. ಬಿಚ್ಚಿದ ನಂತರದ ಡೇಟಾವನ್ನಂತೂ ತೋರಿಸಲೇಬೇಡಿ, ಅದರಲ್ಲಿ ಪಾಸ್‌ವರ್ಡ್ ಇದೆಯೋ ಏನಿದೆಯೋ.

"ದಯವಿಟ್ಟು", "ಅಯ್ಯೋ", ಆಶ್ಚರ್ಯಸೂಚಕ ಚಿಹ್ನೆ ಯಾವುದೂ ಬೇಡ. ಲೈಬ್ರರಿಯ ಮೂಲ ಮಾತನ್ನು ಮಾತ್ರ ಉಳಿಸಿಕೊಳ್ಳಿ. ಜನ ಹುಡುಕುವುದು ಅದನ್ನೇ.

ಹಂತ 9: ಓದುವುದಕ್ಕೆ ವಾಕ್ಯ, ಪ್ರೋಗ್ರಾಂಗೆ ಕೋಡ್

ಬಳಕೆದಾರರು ನಿಮ್ಮ ಮೆಸೇಜ್‌ನ ಪಠ್ಯವನ್ನು ರೆಗೆಕ್ಸ್‌ನಿಂದ ಹಿಡಿದು ನಿರ್ಧಾರ ಮಾಡುವ ಸ್ಥಿತಿ ತಂದಿಟ್ಟರೆ, ಆಮೇಲೆ ಒಂದು ಅಲ್ಪವಿರಾಮ ಬದಲಿಸಲೂ ನಿಮಗೆ ಆಗುವುದಿಲ್ಲ. ಹಾಗಾಗಿ ಎಕ್ಸೆಪ್ಶನ್‌ಗೆ ಪ್ರತ್ಯೇಕ ಕೋಡ್ ಇಡಿ, ಅಥವಾ ಒಂದು ಮುಖ್ಯ ಕ್ಲಾಸ್ ಕೆಳಗೆ ಮೂರ್ನಾಲ್ಕು ಮರಿ ಕ್ಲಾಸ್ ಮಾಡಿ: ಫಾರ್ಮ್ಯಾಟ್ ಬೇರೆ, ಡೇಟಾ ತುಂಡಾಗಿದೆ, ಡೇಟಾ ಕೆಟ್ಟಿದೆ, ಮಿತಿ ದಾಟಿದೆ. ಇದಕ್ಕಿಂತ ಜಾಸ್ತಿ ಬೇಡ. ತುಂಡಾಗಿದ್ದರೆ ಮತ್ತೆ ಪ್ರಯತ್ನಿಸು, ಫಾರ್ಮ್ಯಾಟ್ ಬೇರೆ ಇದ್ದರೆ ನಿಲ್ಲಿಸು ಅಂತ ಅವರು ಕೋಡ್ ಬರೆಯಲು ಇಷ್ಟು ಸಾಕು.

ಹಂತ 10: ಬೇಕೆಂದೇ ಹಾಳು ಮಾಡಿ ಪರೀಕ್ಷಿಸಿ

ಒಂದು ಸಣ್ಣ ಸರಿಯಾದ ಫೈಲ್ ತೆಗೆದುಕೊಳ್ಳಿ. ಅದನ್ನು ಪ್ರತಿ ಬೈಟ್‌ನಲ್ಲೂ ಕತ್ತರಿಸಿ ಬಿಚ್ಚಿ ನೋಡಿ, ಎಲ್ಲ ಕಡೆ 'ತುಂಡಾಗಿದೆ' ಅಂತಲೇ ಬರಬೇಕು. ಆಮೇಲೆ ಒಂದೊಂದೇ ಬಿಟ್ ತಿರುಗಿಸಿ. ಅದರಲ್ಲಿ ಕೆಲವಕ್ಕೆ ಎರರ್ ಬಾರದೆಯೂ ಇರಬಹುದು. ಜಿಝಿಪ್ ಹೆಡರ್‌ನಲ್ಲಿರುವ ಸಮಯದ ಬೈಟುಗಳು ಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಕೊನೆಗೆ ಹಿಂದೆ ಒಂದಿಷ್ಟು ಕಸ ಅಂಟಿಸಿ. ಜಿಝಿಪ್‌ನಲ್ಲಿ ಒಂದರ ಹಿಂದೆ ಒಂದು ತುಣುಕು ಬರುವುದು ಕ್ರಮಬದ್ಧ, ಹಾಗಾಗಿ ಹಿಂದಿರುವುದು ಇನ್ನೊಂದು ಜಿಝಿಪ್ ತುಣುಕೋ ನಿಜವಾದ ಕಸವೋ ಅಂತ ನೋಡಿಯೇ ಮಾತಾಡಬೇಕು.

ಟೆಸ್ಟ್‌ಗಳಲ್ಲಿ ಪೂರ್ತಿ ಪಠ್ಯ ಹೋಲಿಸಬೇಡಿ, ಕೋಡ್ ಮತ್ತು ಒಂದೆರಡು ಮುಖ್ಯ ಪದ ಸಾಕು. ಲೈಬ್ರರಿಯ ಮಾತು ವರ್ಶನ್‌ನಿಂದ ವರ್ಶನ್‌ಗೆ ಬದಲಾಗಬಹುದು, ಝೆಡ್‌ಲಿಬ್ ಬದಲು ಅದರದೇ ಮಾದರಿಯ ಬೇರೆ ಲೈಬ್ರರಿ ಇಟ್ಟುಕೊಂಡ ಕಡೆ ಎಂಎಸ್‌ಜಿಯ ಪಠ್ಯವೂ ಬೇರೆ ಇರಬಹುದು.

ಬಿಡುಗಡೆ ಮಾಡುವ ಮುಂಚೆ

ಹಳೇ ಮೆಸೇಜ್‌ನ ಮೇಲೆ ಯಾರಾದರೂ ಕೋಡ್ ಬರೆದಿರುತ್ತಾರೆ, ಬರೆದಿಲ್ಲ ಅಂದುಕೊಳ್ಳುವುದು ಬೇಡ. ಹಳೆಯ ಸಾಲನ್ನು ಹಾಗೇ ಮುಂದಿಟ್ಟು, ಹೊಸ ವಿವರವನ್ನು ಅದರ ಹಿಂದೆ ಸೇರಿಸುವುದು ಜಗಳವಿಲ್ಲದ ದಾರಿ: "ಡೇಟಾ ಎರರ್: ಇನ್‌ಕರೆಕ್ಟ್ ಹೆಡರ್ ಚೆಕ್, ಜಿಝಿಪ್‌ನಂತೆ ಕಾಣುತ್ತದೆ". ಶುರುವಿನ ಪದ ಹುಡುಕುವವರ ಕೋಡ್ ಓಡುತ್ತಲೇ ಇರುತ್ತದೆ. ವಾರ್ನಿಂಗ್ ಇದ್ದದ್ದನ್ನು ಎಕ್ಸೆಪ್ಶನ್ ಮಾಡುವುದು ಮಾತ್ರ ಬೇರೆಯೇ ಮಟ್ಟದ ಬದಲಾವಣೆ, ಅದನ್ನು ಸಣ್ಣ ಬಿಡುಗಡೆಯಲ್ಲಿ ನುಸುಳಿಸಬೇಡಿ. ದೊಡ್ಡ ವರ್ಶನ್‌ಗೆ ಇಡಿ, ಬದಲಾವಣೆ ಪಟ್ಟಿಯಲ್ಲಿ ಹಳೆಯ ಸಾಲು, ಹೊಸ ಸಾಲು ಎರಡನ್ನೂ ಅಕ್ಕಪಕ್ಕ ಬರೆಯಿರಿ.